ಮಗ್ಗದ ಮನೆಯ ಹೀಟ್ ಪಂಪ್

ಹೊಸದಾಗಿ ಹೀಟ್ ಪಂಪ್ ಕೂರಿಸುವ ಈ ಕೆಲಸಕ್ಕೆ ಸೇರಿದವರ ಕೈಗೆ ಕಂಪನಿಯವರು ಮೊದಲು ಕೊಡುವುದು ಒಂದು ಹೊಳಪು ಕಾಗದದ ಪುಸ್ತಕ. ಅದರ ಮೊದಲ ಪುಟದಲ್ಲೇ ಹಿಮ ಬಿದ್ದ ಒಂದು ಮನೆ ಇರುತ್ತದೆ. ಗೋಡೆಯ ಪಕ್ಕದಲ್ಲಿ ಫ್ಯಾನಿರುವ ಬಿಳಿ ಡಬ್ಬಿ, ಒಳಗೆ ಬೆಚ್ಚಗೆ ಕೂತು ಕಾಫಿ ಕುಡಿಯುವ ಗಂಡ ಹೆಂಡತಿ. ಪುಸ್ತಕ ಓದಬೇಡಿ ಎನ್ನುವುದಿಲ್ಲ, ಓದಿ. ಓದಿ ಮುಗಿಸಿದ ಮೇಲೆ ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ ಬನಹಟ್ಟಿಯ ಯಾವುದಾದರೊಂದು ಓಣಿಯಲ್ಲಿ ಒಂದು ಸುತ್ತು ನಡೆದು ಬನ್ನಿ. ಆಮೇಲೆ ನನ್ನ ಹತ್ತಿರ ಮಾತಾಡಿ.

ನನಗೆ ಸಿಟ್ಟು ಜಾಸ್ತಿ ಎಂದು ನಮ್ಮ ಅಂಗಡಿಯಲ್ಲಿ ಎಲ್ಲರೂ ಹೇಳುತ್ತಿದ್ದರು. ಕೆಲಸ ಬಿಟ್ಟ ಮೇಲೆ ಇಳಿಯುತ್ತದೆ ಬಿಡು ಎಂದೂ ಹೇಳಿದರು. ಇಳಿದಿಲ್ಲ. ಇದನ್ನು ಬರೆಯುತ್ತಿರುವುದೇ ಅದಕ್ಕೆ.

ನಾನು ಹುನ್ನೂರಿನವಳು. ಐಟಿಐನಲ್ಲಿ ಎಲೆಕ್ಟ್ರಿಕಲ್ ಓದಿದ ಹುಡುಗಿ ಆಗ ನಮ್ಮ ಬ್ಯಾಚಿನಲ್ಲಿ ನಾನೊಬ್ಬಳೇ. ಬಾಗಲಕೋಟೆ ಹೊಸ ಜಿಲ್ಲೆಯಾದ ವರ್ಷ ಜಮಖಂಡಿಯ ಒಂದು ಗೀಜರ್ ಅಂಗಡಿಗೆ ಸೇರಿದೆ. ಮಾಲೀಕರು ನನ್ನನ್ನು ತೆಗೆದುಕೊಂಡದ್ದು ನನ್ನ ಜಾಣತನ ಕಂಡಲ್ಲ. "ಜಳಕದ ಮನಿಯೊಳಗ ಹೆಣ್ಮಕ್ಳು ಗಂಡ ಮೆಕ್ಯಾನಿಕ್‌ನ ಬಿಟ್ಕೊಳ್ಳಾಂಗಿಲ್ಲ. ನೀ ಹೋದ್ರ ಛಲೋ ಆಕ್ಕೈತಿ" ಎಂದು ಅವರೇ ಬಾಯಿ ಬಿಟ್ಟು ಹೇಳಿದರು. ಹಾಗೆ ಮಹಾದೇವಿಯಾಗಿದ್ದ ನಾನು ಮುಧೋಳದಿಂದ ಬೀಳಗಿಯವರೆಗೆ ಎಲ್ಲರಿಗೂ ಗೀಜರ್ ಅಕ್ಕಾರು ಆದೆ. ಗಂಡಸರು ಕಾಣದ ಬಚ್ಚಲುಗಳನ್ನೆಲ್ಲ ಕಂಡೆ. ಒಂದು ಮನೆಯ ಖರೆ ಸಂಗತಿ ತಿಳಿಯಬೇಕಾದರೆ ಪಡಸಾಲೆಯಲ್ಲಿ ಕೂತರೆ ಆಗದು, ಬಚ್ಚಲಲ್ಲಿ ನಿಲ್ಲಬೇಕು.

ಆ ಕಾಲಕ್ಕೆ ಅಣೆಕಟ್ಟಿನ ಹಿನ್ನೀರಿಗೆ ಊರು ಮುಳುಗಿ, ಜನ ಪರಿಹಾರದ ಹಣದಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದರು. ಹಳೆಯ ಮನೆಯಲ್ಲಿ ತಾಮ್ರದ ಹಂಡೆ, ಅದರ ಒಲೆಗೆ ಜೋಳದ ದಂಟು, ಕಬ್ಬಿನ ಒಣಗರಿಯ ರವದಿ. ಹೊಸ ಮನೆಯ ಟೈಲ್ಸ್ ಬಚ್ಚಲಲ್ಲಿ ಒಲೆಗೆ ಜಾಗವೇ ಇರಲಿಲ್ಲ. ಪರಿಹಾರ ಬಂದ ಸುದ್ದಿ ನಮ್ಮ ಸೇಲ್ಸ್‌ನವರಿಗೆ ಪೋಸ್ಟಿನವನಿಗಿಂತ ಮೊದಲೇ ಗೊತ್ತಿರುತ್ತಿತ್ತು. ಬೀಳಗಿ ಕಡೆಯ ಒಂದು ಹೊಸ ಊರಿನಲ್ಲಿ ಸಾಲು ಮನೆಗಳಿಗೆಲ್ಲ ಗೀಜರ್ ಕೂರಿಸಿದರು. ಅಲ್ಲಿನ ಬೋರಿನ ನೀರು ನಾಲಿಗೆಗೆ ಇಟ್ಟರೆ ಉಗುಳಬೇಕು, ಅಷ್ಟು ಸವಳು. ಮಳೆಗಾಲ ಕಳೆಯುವಷ್ಟರಲ್ಲಿ ಗೀಜರ್ ಒಳಗಿನ ಸುರುಳಿಯ ಮೇಲೆ ಸುಣ್ಣ ಗೋಡೆಯ ಹಾಗೆ ಕಟ್ಟಿತು. ಒಂದಾದ ಮೇಲೊಂದು ಸುಟ್ಟವು. ಅಲ್ಲೊಬ್ಬ ಅಜ್ಜಿ ಗೀಜರಿನ ಡಬ್ಬಿ ತೋರಿಸಿ ನನ್ನನ್ನು ಕೇಳಿದಳು: "ಯವ್ವಾ, ನಮ್ಮ ಹಂಡೇ ಮೂರು ತಲೀ ಬಾಳಿತ್ತು. ಇದು ಒಂದು ದೀಪಾವಳಿ ಸೈತ ಕಾಣಲಿಲ್ಲಲ್ಲ?"

ಕಂಪನಿಗೆ ಬರೆದರೆ, ತಪ್ಪು ನೀರಿನದು, ಯಂತ್ರದ್ದಲ್ಲ ಎಂಬ ಉತ್ತರ ಬಂತು. ಮಾರುವಾಗ ನೀರು ನೋಡಲಿಲ್ಲ, ಸುಟ್ಟ ಮೇಲೆ ನೀರಿನ ತಪ್ಪು. ಮುಳುಗಿದ ಊರಿನವರು ಯಾರನ್ನು ಕೇಳಬೇಕು? ಈ ಉತ್ತರವನ್ನು ಬೇರೆ ಬೇರೆ ಮಾತುಗಳಲ್ಲಿ ಕೊನೆಯವರೆಗೂ ಕೇಳಿದ್ದೇನೆ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ.

ಗೀಜರ್ ಆದ ಮೇಲೆ ಸೋಲಾರ್ ಬಂತು, ಅದರ ಹಿಂದೆ ಹೀಟ್ ಪಂಪ್. ಗಿರಾಕಿ ಯಾವುದು ತಗೊಳ್ಳಲಿ ಅಕ್ಕಾರ ಎಂದರೆ ನಾನು ಸುಳ್ಳು ಹೇಳುತ್ತಿರಲಿಲ್ಲ. ಗೀಜರ್ ಕೊಳ್ಳುವಾಗ ಅಗ್ಗ, ಕರೆಂಟ್ ಬಿಲ್ಲು ಬಂದಾಗ ತುಟ್ಟಿ. ಸೋಲಾರ್ ಕೊಳ್ಳುವಾಗ ತುಟ್ಟಿ, ಆಮೇಲೆ ಬಿಸಿಲು ಪುಕ್ಕಟೆ. ಆದರೆ ಶ್ರಾವಣದ ಮೋಡದಲ್ಲಿ ಅದು ಸುಮ್ಮನೆ ಮಾಳಿಗೆಯ ಮೇಲೆ ಕೂತಿರುತ್ತದೆ. ಹೀಟ್ ಪಂಪ್ ಎಲ್ಲಕ್ಕಿಂತ ತುಟ್ಟಿ, ಆದರೆ ಗೀಜರ್ ತಿನ್ನುವ ಕರೆಂಟಿನ ಮೂರನೇ ಒಂದು ಪಾಲಿನಲ್ಲಿ ಅಷ್ಟೇ ನೀರು ಕಾಯಿಸುತ್ತದೆ. ಏಕೆಂದರೆ ಅದು ಶಾಖ ಹುಟ್ಟಿಸುವುದಿಲ್ಲ, ಸುತ್ತಲಿನ ಗಾಳಿಯಿಂದ ಎತ್ತಿಕೊಂಡು ನೀರಿಗೆ ಹಾಕುತ್ತದೆ. ಫ್ರಿಜ್ ಒಳಗೆ ತಂಪು ಮಾಡಿ ಹಿಂದೆ ಬಿಸಿ ಬಿಡುತ್ತದಲ್ಲ, ಅದೇ ಕೆಲಸ. ಬಳಕೆ ಹೆಚ್ಚಿರುವ ದೊಡ್ಡ ಮನೆಗೆ ಹೀಟ್ ಪಂಪ್ ನಿಜಕ್ಕೂ ಒಳ್ಳೆಯದು. ನನ್ನ ಸಿಟ್ಟು ಯಂತ್ರದ ಮೇಲೆ ಅಲ್ಲ.

ಅದರ ತರಬೇತಿಗೆಂದು ನಮ್ಮನ್ನೆಲ್ಲ ಹುಬ್ಬಳ್ಳಿಯ ಒಂದು ಹೋಟೆಲಿಗೆ ಕರೆಸಿದರು. ಪಾಠ ಮಾಡಿದ್ದು ಕಂಪನಿಯ ಏರಿಯಾ ಮ್ಯಾನೇಜರ್. ದಕ್ಷಿಣದ ಕಡೆಯ ಮನುಷ್ಯ, ನಗುಮುಖ, ಇಸ್ತ್ರಿ ಮುರಿಯದ ಅಂಗಿ. ನಾವು ಅವರನ್ನು ಸಾಹೇಬರು ಎನ್ನುತ್ತಿದ್ದೆವು. ಇಡೀ ದಿನ ಹಿಮದ ದೇಶದ ಪಾಠ ನಡೆಯಿತು. ಅಲ್ಲಿ ಮನೆ ಬೆಚ್ಚಗಿಡಲು ಮೂರು ಜಾತಿಯ ಹೀಟ್ ಪಂಪ್ ಉಂಟಂತೆ. ಗಾಳಿಯಿಂದ ಶಾಖ ಎಳೆಯುವುದು ಕೂರಿಸಲು ಅಗ್ಗ, ಆದರೆ ಕಡು ಚಳಿಯಲ್ಲಿ ಅದಕ್ಕೆ ಎಳೆಯಲು ಶಾಖವೇ ಸಿಗದು, ಮೈಮೇಲೆ ಮಂಜು ಕಟ್ಟುತ್ತದೆ. ನೆಲದೊಳಗಿಂದ ಎಳೆಯುವುದಕ್ಕೆ ಆಳವಾಗಿ ಕೊರೆಯಬೇಕು, ಖರ್ಚು ವಿಪರೀತ, ಆದರೆ ಚಳಿಗಾಲವಿಡೀ ಒಂದೇ ಸಮ ದುಡಿಯುತ್ತದೆ. ಮೂರನೆಯದು ಬಾವಿ ಅಥವಾ ಕೆರೆಯ ನೀರಿನಿಂದ ಎಳೆಯುವುದು. ಯಾವ ಚಳಿಗೆ ಯಾವುದು ಲಾಭ ಎಂದು ಬಣ್ಣಬಣ್ಣದ ಗೆರೆ ಎಳೆದು ತೋರಿಸಿದರು. ಹೊರಗೆ ಹುಬ್ಬಳ್ಳಿ ಕಾದ ಹಂಚಿನಂತಿತ್ತು.

ನಾನು ಎದ್ದು ನಿಂತು ಕೇಳಿದೆ: "ಸಾಹೇಬ್ರ, ನಮ್ಮ ಕಡೆ ಹಿಮಾ ಬೀಳೂದಿಲ್ರಿ. ಸವಳ ನೀರ ಐತಿ, ಹತ್ತಿ ಧೂಳ ಐತಿ, ಕರೆಂಟ್ ಬಂದು ಬಂದು ಹೊಕ್ಕೈತಿ. ಅದು ಯಾವ ಪುಟದಾಗ ಐತ್ರಿ?"

ಎಲ್ಲರೂ ನಕ್ಕರು. ಸಾಹೇಬರೂ ನಕ್ಕು, "ಒಳ್ಳೆ ಪ್ರಶ್ನೆ ಮೇಡಮ್, ಊಟ ಆದ್ಮೇಲೆ ನೋಡೋಣ" ಎಂದರು. ಊಟ ಆದ ಮೇಲೆ ಮತ್ತೆ ಹಿಮವೇ ಬಿತ್ತು.

ಈಗ ಬನಹಟ್ಟಿಯ ಕತೆಗೆ ಬರುತ್ತೇನೆ. ಇದೊಂದನ್ನು ನೆನಪಿಟ್ಟರೆ ಉಳಿದದ್ದನ್ನು ಮರೆತರೂ ನಡೆಯುತ್ತದೆ.

ಗುರುಪಾದಪ್ಪ ಬನಹಟ್ಟಿಯಲ್ಲಿ ಆರು ಪವರ್‌ಲೂಮ್ ಮಗ್ಗಗಳ ಯಜಮಾನ. ಮುಂದೆ ಮನೆ, ಅದಕ್ಕೇ ಅಂಟಿಕೊಂಡು ಹಿಂದೆ ಮಗ್ಗದ ಮನೆ. ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬರುವವಳಿದ್ದಳು, ಮನೆಯಲ್ಲಿ ಬಿಸಿನೀರು ಧಾರಾಳ ಇರಬೇಕು ಎಂದು ಹೀಟ್ ಪಂಪ್ ಕೊಂಡ. ನೀರಿನ ಟ್ಯಾಂಕಿ ಬಚ್ಚಲ ಪಕ್ಕದಲ್ಲಿ, ಗಾಳಿ ಎಳೆಯುವ ಡಬ್ಬಿಯನ್ನು ಬೇರೆ ಎಲ್ಲಾದರೂ ಇಡಬಹುದಾದ ಮಾದರಿ ಅದು. ಎಲ್ಲಿ ಇಡಬೇಕು ಎಂದು ತೋರಿಸಲು ಸಾಹೇಬರು ಖುದ್ದು ಬಂದಿದ್ದರು. ನಾನು ಆ ವಾರ ಲೋಕಾಪುರದ ಕಡೆ ಬೇರೆ ಕೆಲಸದಲ್ಲಿದ್ದೆ.

ಸಾಹೇಬರು ಮಗ್ಗದ ಮನೆಗೆ ಕಾಲಿಟ್ಟರು. ಮೋಟರುಗಳ ಕಾವಿಗೆ ಒಳಗೆ ಸೆಕೆ. ಅವರ ತಲೆಯಲ್ಲಿ ದೀಪ ಹತ್ತಿತು. ಡಬ್ಬಿಯನ್ನು ಇಲ್ಲೇ ಕೂರಿಸೋಣ, ಮಗ್ಗದ ಶಾಖ ಪುಕ್ಕಟೆ ಸಿಗುತ್ತದೆ, ನೀರು ಬೇಗ ಕಾಯುತ್ತದೆ, ಮೇಲಾಗಿ ಡಬ್ಬಿಯಿಂದ ಬರುವ ತಣ್ಣನೆ ಗಾಳಿ ನೇಕಾರರಿಗೆ ಏಸಿ ಇದ್ದಹಾಗೆ ಎಂದರು. ಗುರುಪಾದಪ್ಪ ಹಿಗ್ಗಿದ. ನಮ್ಮ ಅಂಗಡಿಯ ಮಾಲೀಕರು ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ, ಹೂಂ ಎಂದರು. ಡಬ್ಬಿ ಬಾಗಿಲ ಪಕ್ಕದ ಗೋಡೆಗೆ ಏರಿತು. ಸಾಹೇಬರು ಒಂದು ತಿಂಗಳು ಬಿಟ್ಟು ಕ್ಯಾಮೆರಾ ಹಿಡಿದು ಬಂದು ಫೋಟೋವನ್ನೂ ತೆಗೆದುಕೊಂಡು ಹೋದರಂತೆ.

ಮಗಳು ಹೆತ್ತಳು. ಬಾಣಂತಿ ಜಳಕಕ್ಕೆ ನೀರು ಸಾಲುತ್ತಿಲ್ಲ ಎಂದು ಗುರುಪಾದಪ್ಪನ ಹೆಂಡತಿ ಕಮಲವ್ವ ಅಂಗಡಿಗೆ ಫೋನ್ ಮಾಡಿದಳು. ನಾನು ಹೋದೆ. ಬಚ್ಚಲಲ್ಲಿ ನೋಡಿದರೆ ಬಾಣಂತಿಗೆ ಎರೆಯುವ ಅಜ್ಜಿ ಕೊಡಗಟ್ಟಲೆ ನೀರು ಸುರಿಯುತ್ತಿದ್ದಾಳೆ. ನಮ್ಮ ಕಡೆ ಬಾಣಂತಿ ಬೆನ್ನಿಗೆ ನೀರು ಬಿದ್ದರೆ ಕೆಂಪಾಗಬೇಕು, ಅವಳು ಅಯ್ಯೋ ಎನ್ನಬೇಕು, ಆಗಲೇ ಎರೆದ ಲೆಕ್ಕ. ಬೆಳಗಿನ ಜಳಕಕ್ಕೇ ಟ್ಯಾಂಕಿ ಬರಿದಾಗುತ್ತಿತ್ತು. ಅದನ್ನು ಮತ್ತೆ ತುಂಬಿ ಕಾಯಿಸಲು ಡಬ್ಬಿ ದಿನವಿಡೀ ಓಡುತ್ತಿತ್ತು. ಇದು ಸಹಜ, ಯಂತ್ರ ಕೆಟ್ಟಿಲ್ಲ ಎಂದು ಕಮಲವ್ವನಿಗೆ ತಿಳಿಸಿ ಹೇಳಿ, ಡಬ್ಬಿ ನೋಡಲು ಮಗ್ಗದ ಮನೆಗೆ ಹೋದೆ.

ನಾಲ್ಕು ಮಗ್ಗ ಕಿವಿ ಒಡೆಯುವಂತೆ ಓಡುತ್ತಿದ್ದವು. ಬಾಗಿಲ ಬಳಿಯ ಎರಡು ಸುಮ್ಮನೆ ನಿಂತಿದ್ದವು. ಅಲ್ಲಿ ಐವತ್ತರ ಹತ್ತಿರದ ಒಬ್ಬ ಹೆಂಗಸು ಚಸ್ಮಾ ಮೂಗಿನ ತುದಿಗೆ ಜಾರಿಸಿಕೊಂಡು, ಹರಿದ ಎಳೆಗೆ ಬಗ್ಗಿ ಗಂಟು ಹಾಕುತ್ತಿದ್ದಳು. ಹಾಕಿ ಮಗ್ಗ ಬಿಟ್ಟಳು. ಸ್ವಲ್ಪ ಓಡಿತೋ ಇಲ್ಲವೋ, ಇನ್ನೊಂದು ಎಳೆ ಹರಿಯಿತು. ಮತ್ತೆ ನಿಲ್ಲಿಸಿದಳು. ಅವಳು ಸಿದ್ದವ್ವ. ಮದುವೆಯಾಗಿ ಬಂದಾಗಿನಿಂದ ಇದೇ ಮನೆಯ ಮಗ್ಗ ನೇಯ್ದವಳು. ಅವಳ ಸೀರೆಯನ್ನು ವ್ಯಾಪಾರಿಗಳು ಬಿಚ್ಚಿ ನೋಡದೆ ಒಯ್ಯುತ್ತಿದ್ದರು ಎಂದು ಆಮೇಲೆ ಕಮಲವ್ವನೇ ಹೇಳಿದಳು.

ಗುರುಪಾದಪ್ಪ ಬಂದ. "ಎರಡು ತಿಂಗಳಾತ್ರಿ ಅಕ್ಕಾರ, ಹಿಂಗ ಎಳಿ ಹರಕೋಂತ ಕುಂತಾಳ. ಸೀರಿ ತುಂಬ ಗಂಟು. ನೂಲು ಕೆಟ್ಟೈತಿ ಅಂತಾಳ. ಅದ ನೂಲು ಆಚೀ ಮಗ್ಗದಾಗ ಛಲೋ ಓಡಾಕತ್ತೈತಲ್ಲ? ಕುಣಿಲಾರದಾಕಿ ನೆಲಾ ಡೊಂಕ ಅಂದ್ಲಂತ. ಡಾಕ್ಟರ ಕಡೆ ನಾನ ಕರ್ಕೊಂಡು ಹೋಗಿ ಚಸ್ಮಾ ಹಾಕ್ಸೀನಿ. ಏನೂ ಉಪಯೋಗಿಲ್ಲ. ಅಮಾಸಿ ಆದ ಮ್ಯಾಲೆ ಬ್ಯಾರೆ ಹುಡುಗ ಬರ್ತಾನ."

ಅಮಾವಾಸ್ಯೆಗೆ ಬನಹಟ್ಟಿಯಲ್ಲಿ ಮಗ್ಗಕ್ಕೆ ರಜೆ, ಪೂಜೆ. ಯಾರನ್ನಾದರೂ ಬಿಡಿಸುವುದಿದ್ದರೆ ಆ ರಜೆಯ ಹಿಂದೆ ಬಿಡಿಸುತ್ತಾರೆ. ಅಮಾವಾಸ್ಯೆ ಅದೇ ವಾರವಿತ್ತು.

ಅವನು ಅತ್ತ ಹೋದ ಮೇಲೆ ಸಿದ್ದವ್ವ ನನ್ನ ಕಡೆ ನೋಡದೆ ಹೇಳಿದಳು: "ಕಣ್ಣ ಹೋದೂವ್ರಿ ಅಕ್ಕಾರ. ಚಸ್ಮಾ ಹಾಕ್ಕೊಂಡ್ರ ತಲಿ ಸಿಡೀತೈತಿ, ತಗದ್ರ ಸಾಹುಕಾರ ಬೈತಾರ. ಇಷ್ಟ ವರ್ಷ ಒಬ್ಬರ ಕಡೆ ಒಂದ ಮಾತ ಅನ್ನಿಸ್ಕೊಂಡಾಕಿ ಅಲ್ಲ ನಾ. ಈಗ ಓಣ್ಯಾಗೆಲ್ಲ ಸಿದ್ದವ್ವ ಕುಲ್ಡಿ ಆದ್ಲು ಅಂತಾರ. ಇನ್ನ ಯಾರ ಮಗ್ಗಕ್ಕ ಕರದಾರು?"

ಒಬ್ಬರ ಮನೆಯಲ್ಲಿ ಕಣ್ಣು ಹೋಯಿತು ಎನಿಸಿಕೊಂಡ ನೇಕಾರಳನ್ನು ಇನ್ನೊಬ್ಬರು ಕರೆಯುವುದಿಲ್ಲ. ಅಲ್ಲಿಗೆ ಅವಳ ಕಸುಬು ಮುಗಿದಂತೆ.

ನಾನು ಡಬ್ಬಿಯ ಮುಚ್ಚಳ ಬಿಚ್ಚಿದೆ. ಒಳಗಿನ ಅಲ್ಯುಮಿನಿಯಂ ಪಟ್ಟಿಗಳ ಮೇಲೆ ಹತ್ತಿಯ ಧೂಳು ಗಾದಿಯ ಹಾಗೆ ಕೂತಿತ್ತು. ಕಿತ್ತು ತೆಗೆಯುತ್ತಿದ್ದಾಗ ಗುರುಪಾದಪ್ಪ ಮತ್ತೆ ಬಂದ, ಈ ಸಲ ಹಲ್ಲು ಕಿಸಿಯುತ್ತ. "ಒಂದು ತೋರಸ್ತೀನಿ ಬರ್ರಿ" ಎಂದು ಹೊರಗೆ ಕರೆದ. ಡಬ್ಬಿಯ ಕೆಳಗಿನ ಸಣ್ಣ ಪೈಪು ಗೋಡೆ ದಾಟಿ ಹೊರಗೆ ಬಂದಿತ್ತು. ಅದರ ಬಾಯಿಗೆ ಒಂದು ಕೊಡ ಇಟ್ಟಿದ್ದ. ಕೊಡ ಮುಕ್ಕಾಲು ತುಂಬಿತ್ತು.

"ನೋಡ್ರಿ, ನಿಮ್ಮ ಮಷೀನ್ ನೀರೂ ಕೊಡತೈತಿ! ಸಂಜೀತನಾ ಕೊಡ ತುಂಬತೈತಿ. ಒಂದ ಹನಿ ಸವಳಿಲ್ಲ. ಬಂದ ಬೀಗರಿಗೆಲ್ಲ ತೋರಸ್ತೀನಿ."

ನಾನು ಆ ಕೊಡ ನೋಡುತ್ತ ನಿಂತೆ. ಒಳಗಿಂದ ಮಗ್ಗ ನಿಂತ ಸದ್ದು ಕೇಳಿತು. ಸಿದ್ದವ್ವನದೇ.

ಮಗ್ಗದ ಮನೆಯಲ್ಲಿ ಯಾರೂ ಫ್ಯಾನ್ ಹಾಕುವುದಿಲ್ಲ. ಎಂಥ ಸೆಕೆಯಲ್ಲೂ ಕಿಟಕಿ ಮುಚ್ಚಿ, ಬೆಳಿಗ್ಗೆ ನೆಲಕ್ಕೆ ನೀರು ಹೊಡೆದು, ಕಿಟಕಿಗೆ ಒದ್ದೆ ಗೋಣಿ ಕಟ್ಟುತ್ತಾರೆ. ಗಾಳಿಯಲ್ಲಿ ತೇವ ಇದ್ದರೆ ಹತ್ತಿಯ ಎಳೆ ಮೆತ್ತಗಿರುತ್ತದೆ, ಒಣಗಿದರೆ ಪಟಪಟ ಹರಿಯುತ್ತದೆ. ಇದು ಆ ಊರಿನ ಸಣ್ಣ ಮಕ್ಕಳಿಗೂ ಗೊತ್ತು. ಹೀಟ್ ಪಂಪ್ ಗಾಳಿಯ ಶಾಖ ಹೀರುವಾಗ ತೇವವನ್ನೂ ಹಿಂಡುತ್ತದೆ. ಇದು ನಮ್ಮ ಕಸುಬಿನವರಿಗೆಲ್ಲ ಗೊತ್ತು. ಎರಡನ್ನೂ ಯಾರೂ ಕೂಡಿಸಿ ನೋಡಿರಲಿಲ್ಲ. ಡಬ್ಬಿಯ ಗಾಳಿ ತಣ್ಣಗಿತ್ತಲ್ಲ, ತಣ್ಣಗಿದ್ದರೆ ತೇವವೂ ಇರುತ್ತದೆ, ನೂಲಿಗೆ ಹಿತ ಎಂದು ಮಳೆಗಾಲದ ನೆನಪಿನಲ್ಲಿ ಎಲ್ಲರೂ ನಂಬಿಬಿಟ್ಟಿದ್ದರು. ಆ ಗಾಳಿ ನೇರ ಬಡಿಯುತ್ತಿದ್ದದ್ದು ಬಾಗಿಲ ಬಳಿಯ ಎರಡು ಮಗ್ಗಗಳಿಗೆ. ಡಬ್ಬಿ ಅಲ್ಲಿ ಗೋಡೆಗೆ ಏರಿಯೂ ಎರಡೇ ತಿಂಗಳಾಗಿತ್ತು. ಸಿದ್ದವ್ವ ಬೆಳಿಗ್ಗೆ ನೆಲಕ್ಕೆ ಹೊಡೆದ ನೀರನ್ನು ಡಬ್ಬಿ ಹೀರಿ ಹೀರಿ ಗುರುಪಾದಪ್ಪನ ಕೊಡಕ್ಕೆ ತುಂಬುತ್ತಿತ್ತು. ಅವಳ ನೆಲ ಖರೆ ಅಂದರೂ ಡೊಂಕಾಗಿತ್ತು, ಡೊಂಕು ಮಾಡಿದವರು ನಾವು.

ಸಾಹೇಬರಿಗೆ ಫೋನ್ ಮಾಡಿದೆ. ಡಬ್ಬಿಯನ್ನು ಹೊರಗಿನ ಗೋಡೆಗೆ ಹಾಕಬೇಕು, ಖರ್ಚು ನಾವೇ ಹಾಕಿಕೊಳ್ಳಬೇಕು, ಜಾಗ ತೋರಿಸಿದ್ದು ನಾವು ಎಂದೆ.

"ಗಿರಾಕಿ ಅದನ್ನ ಕೇಳಿದ್ರಾ ಮೇಡಮ್?" ಎಂದರು.

"ಇಲ್ರಿ. ಅವರಿಗೆ ಗೊತ್ತ ಇಲ್ಲ."

"ಮತ್ಯಾಕೆ ನೀವೇ ಎಬ್ಬಿಸ್ತೀರಿ? ಬಿಸಿನೀರಿನ ಕಂಪ್ಲೇಂಟ್ ತಾನೆ, ಕ್ಲೋಸ್ ಮಾಡಿ ಬನ್ನಿ. ನೇಯೋ ಹೆಂಗಸಿನ ಕಣ್ಣಿನ ವಿಷಯ ನಮ್ಮ ಡಿಪಾರ್ಟ್‌ಮೆಂಟ್ ಅಲ್ಲ."

ಒಬ್ಬ ಹೆಂಗಸಿನ ಅನ್ನಕ್ಕೆ ಕಲ್ಲು ಹಾಕಿ, ಅದು ನಮ್ಮ ಡಿಪಾರ್ಟ್‌ಮೆಂಟ್ ಅಲ್ಲವಂತೆ. ಅವರ ಮಾತು ಮುಗಿಯುವ ಮೊದಲೇ ಫೋನ್ ಇಟ್ಟೆ.

ಹೊರಗೆ ಹೋಗಿ ಕೊಡ ಎತ್ತಿ ಸೊಂಟಕ್ಕೆ ಇಟ್ಟುಕೊಂಡು ಒಳಗೆ ಬಂದೆ. ಗುರುಪಾದಪ್ಪ ಹಿಂದೆಯೇ ಬಂದ, ಏನ್ರಿ, ಏನ್ರಿ ಎನ್ನುತ್ತ. ಸಿದ್ದವ್ವನ ಎರಡು ಮಗ್ಗಗಳ ನಡುವೆ ನಿಂತು ಇಡೀ ಕೊಡವನ್ನು ನೆಲಕ್ಕೆ ಸುರಿದೆ. ಉಳಿದ ನೇಕಾರರೂ ಮಗ್ಗ ನಿಲ್ಲಿಸಿದರು.

"ಹುಚ್ಚ ಹಿಡದೈತೇನ್ರಿ ನಿಮಗ?" ಎಂದ ಗುರುಪಾದಪ್ಪ.

"ಈ ನೀರ ಎಲ್ಲಿಂದ ಬಂತ್ರಿ ಸಾಹುಕಾರ?"

"ಮಷೀನದಿಂದ."

"ಮಷೀನದೊಳಗ ಬಾವಿ ಐತೇನ್ರಿ? ಇದು ಈ ಮನಿ ಗಾಳ್ಯಾಗಿನ ನೀರು. ಸಿದ್ದವ್ವ ಮುಂಜಾನೆ ಹೊಡದದ್ದು. ನಿಮ್ಮ ನೂಲಿನಾಗ ಇರಬೇಕಾದ ತ್ಯಾವ ನಿಮ್ಮ ಕೊಡದಾಗ ಐತಿ. ಬೀಗರಿಗೆ ತೋರಸ್ತೀರಿ!"

ಅವನು ನಂಬಲಿಲ್ಲ. "ಅಷ್ಟ ದೊಡ್ಡ ಸಾಹೇಬ್ರು ಹೇಳ್ಯಾರ, ತಪ್ಪ ಹೆಂಗ ಆದೀತು?" ಎಂದ. ನಾನು ಡಬ್ಬಿಯ ಸ್ವಿಚ್ ಆರಿಸಿದೆ. ಕಿಟಕಿಯ ಗೋಣಿ ತೋಯಿಸಲು ಹೇಳಿದೆ. ಇವತ್ತೊಂದು ದಿನ ಬಾಣಂತಿಗೆ ಒಲೆಯ ಮೇಲೆ ನೀರು ಕಾಯಿಸಿ ಎಂದು ಕಮಲವ್ವನನ್ನು ಕೇಳಿಕೊಂಡೆ. ಅವಳು ಗಂಡನ ಮುಖ ನೋಡದೆ ಆಯಿತು ಎಂದಳು. ಆಮೇಲೆ ಬಾಗಿಲಲ್ಲಿ ಕಟ್ಟೆಯ ಮೇಲೆ ಕೂತೆ. ಊಟಕ್ಕೆ ಕರೆದರು, ಏಳಲಿಲ್ಲ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಬಾಗಿಲ ಬಳಿಯ ಎರಡು ಮಗ್ಗಗಳೂ ಒಂದೇ ಸಮ ಓಡುತ್ತಿದ್ದವು. ಆಗೊಂದು ಈಗೊಂದು ಎಳೆ ಹರಿಯಿತು, ಯಾವ ಮಗ್ಗದಲ್ಲಾದರೂ ಹರಿಯುವಷ್ಟೇ. ಗುರುಪಾದಪ್ಪ ಬಹಳ ಹೊತ್ತು ನಿಂತು ನೋಡಿದ. ನೂಲು ಮುಟ್ಟಿ ನೋಡಿದ, ಡಬ್ಬಿ ಮುಟ್ಟಿ ನೋಡಿದ. ಆಮೇಲೆ ಸಿದ್ದವ್ವನ ಕಡೆ ತಿರುಗಿ, "ಆತು, ಅಮಾಸಿ ಮ್ಯಾಲೆ ನೀನ ಬಾ" ಎಂದ. ಅಷ್ಟೇ. ಎರಡು ತಿಂಗಳು ಎಲ್ಲರ ಎದುರು ಕುಲ್ಡಿ ಎಂದದ್ದಕ್ಕೆ ಒಂದು ಮಾತಿಲ್ಲ.

ನನಗೆ ಮೈ ಉರಿಯಿತು. "ತಪ್ಪ ಆಕೀದಲ್ಲ ಅಂತ ಬಾಯಿ ಬಿಟ್ಟ ಹೇಳ್ರಿ ಸಾಹುಕಾರ, ನಾಕ ಮಂದಿ ಕೇಳಲಿ. ಕುಲ್ಡಿ ಅನ್ನೂವಾಗ ಎಲ್ಲಾರೂ ಕೇಳಿದ್ರಲ್ಲ?" ಎಂದೆ. ಅವನು ಕೆಮ್ಮಿದ, ನೆಲ ನೋಡಿದ. "ಆಕಿ ಕಣ್ಣ ಛಲೋ ಅದಾವು. ಮಷೀನ್ ಇಟ್ಟದ್ದು ತಪ್ಪು" ಎಂದ. ದನಿ ಸಣ್ಣದಿತ್ತು, ಆದರೂ ಎಲ್ಲರೂ ಕೇಳಿಸಿಕೊಂಡರು.

ಸಿದ್ದವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ಹೊರಡುವಾಗ ಬಾಗಿಲತನಕ ಬಂದು, ಚಸ್ಮಾ ತೆಗೆದು ನನ್ನ ಕೈಗಿಟ್ಟಳು.

"ಇದನ್ನ ನಿಮ್ಮ ಸಾಹೇಬಗ ಕೊಡ್ರಿ ಅಕ್ಕಾರ. ನನಗ ಬ್ಯಾಡ."

ಡಬ್ಬಿಯನ್ನು ಹಿತ್ತಲ ನೆರಳಿನ ಗೋಡೆಗೆ ಸಾಗಿಸಿದೆವು. ಧೂಳು ಹೋಗದಂತೆ ಸಣ್ಣ ಜಾಳಿಗೆ ಹಾಕಿದೆ. ಅಲ್ಲಿ ಅದು ಯಾರಿಗೂ ತೊಂದರೆ ಕೊಡದೆ ವರ್ಷಗಟ್ಟಲೆ ನೀರು ಕಾಯಿಸಿತು. ಹೀಟ್ ಪಂಪಿಗೆ ಬೇಕಾದದ್ದು ಗಾಳಿ, ನಮ್ಮ ಕಡೆ ಬಿಸಿ ಗಾಳಿಗೇನು ಬರವೇ? ಅದನ್ನು ಕದಿಯಲು ಇನ್ನೊಬ್ಬರ ದುಡಿಮೆಯ ಮನೆಗೆ ನುಗ್ಗುವ ಅಗತ್ಯ ಇರಲಿಲ್ಲ. ನೀವು ಡಬ್ಬಿ ಕೂರಿಸುವ ಮೊದಲು, ಆ ಗಾಳಿಯಲ್ಲಿ ಬೇರೆ ಯಾರು ಬದುಕುತ್ತಿದ್ದಾರೆ ಎಂದು ಕೇಳಿ. ಬೆಲೆ, ಯುನಿಟ್ಟು, ಪಂಪಿನ ಜಾತಿ ಎಲ್ಲ ಆಮೇಲೆ.

ಚಸ್ಮಾ ನನ್ನ ಪಾನಾ ಪಕ್ಕಡಿನ ಸಾಮಾನು ಚೀಲದಲ್ಲೇ ಉಳಿಯಿತು. ಸಾಹೇಬರು ಜಮಖಂಡಿಗೆ ಬರುವುದನ್ನು ಬಿಟ್ಟಿದ್ದರು. ಮುಂದಿನ ತರಬೇತಿಗೆ ಮತ್ತೆ ಹುಬ್ಬಳ್ಳಿಗೆ ಕರೆದರು. ಅದೇ ಹೋಟೆಲು, ಅದೇ ಹಿಮ. ಆದರೆ ಈ ಸಲ ಹಿಮದ ನಡುವೆ ಒಂದು ಹೊಸ ಚಿತ್ರವೂ ಪರದೆಯ ಮೇಲೆ ಬಂತು. ಗುರುಪಾದಪ್ಪನ ಮಗ್ಗದ ಮನೆ, ಗೋಡೆಯ ಮೇಲೆ ಡಬ್ಬಿ. ನಮ್ಮದೇ ಊರಿನ ಉದಾಹರಣೆ, ಮಗ್ಗದ ಪುಕ್ಕಟೆ ಶಾಖದಿಂದ ಬಿಸಿನೀರು, ಜೊತೆಗೆ ಕೆಲಸಗಾರರಿಗೆ ತಂಪು ಎಂದು ಸಾಹೇಬರು ವಿವರಿಸಿದರು. ಹೊಸ ಹುಡುಗರು ಬರೆದುಕೊಂಡರು. ಡಬ್ಬಿ ಅಲ್ಲಿಂದ ಕಿತ್ತು ಎಷ್ಟೋ ಕಾಲವಾಗಿತ್ತು.

ನಾನು ಎದ್ದು ಮುಂದೆ ಹೋದೆ. ಚೀಲದಿಂದ ಚಸ್ಮಾ ತೆಗೆದು ಅವರ ಮೇಜಿನ ಮೇಲೆ ಇಟ್ಟೆ.

"ಏನಿದು ಮೇಡಮ್? ಯಾರದ್ದು?"

ನಾನು ಪರದೆಗೆ ಬೆರಳು ಮಾಡಿದೆ. ಡಬ್ಬಿಯ ಕೆಳಗೆ, ಚಿತ್ರದ ಅಂಚಿನಲ್ಲಿ, ಇದೇ ಚಸ್ಮಾ ಮೂಗಿನ ಮೇಲೆ ಜಾರಿಸಿಕೊಂಡು ಸಿದ್ದವ್ವ ಬಗ್ಗಿ ನಿಂತಿದ್ದಳು. ಅವಳ ಕೈಯಲ್ಲಿ ಹರಿದ ಎಳೆಯಿತ್ತು.

"ಆಕೀದ್ರಿ. ನಿಮಗ ಕೊಡಂತ ಹೇಳ್ಯಾಳ."

ಸಾಹೇಬರು ಪರದೆಯ ಕಡೆ ತಿರುಗಿ ಹತ್ತಿರ ಹೋಗಿ ನೋಡಿದರು. ಆ ಚಿತ್ರವನ್ನು ಅವರೇ ತೆಗೆದಿದ್ದರು, ಊರೂರಿಗೆ ತೋರಿಸುತ್ತ ಬಂದಿದ್ದರು. ಅದರಲ್ಲಿ ಒಬ್ಬ ಹೆಂಗಸು ಇದ್ದಾಳೆ ಎಂದು ಅವರು ಕಂಡದ್ದು ಆವತ್ತೇ ಮೊದಲು.